ಜಡೆಯವಳು, ಟೋಪಿಯವಳು ಮತ್ತು ಒಂದು ಮುಡಿಪು

ಆ ಇಬ್ಬರು ಹೆಂಗಸರ ನಿಜವಾದ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ಒಬ್ಬಳಿಗೆ ಬೆನ್ನಿನ ತುಂಬ ಜಡೆ. ಇನ್ನೊಬ್ಬಳು ಬಿಸಿಲಿರಲಿ ಮೋಡವಿರಲಿ ತಲೆಯ ಮೇಲಿನ ಟೋಪಿ ತೆಗೆಯುವವಳಲ್ಲ. ಹಾಗಾಗಿ ನಮ್ಮ ಮನೆಯಲ್ಲೂ ಬೀಗರ ಮನೆಯಲ್ಲೂ ಅವರು ಜಡೆಯವಳು, ಟೋಪಿಯವಳು. ಟೆನಿಸ್ ಆಡುವವರು. ಇಬ್ಬರಿಗೂ ಮೂವತ್ತೈದು ದಾಟಿದೆ. ನಮ್ಮ ಕಡೆ ಆ ವಯಸ್ಸಿನ ಹೆಂಗಸು ಹಗಲೆಲ್ಲ ಹೊಗೆಸೊಪ್ಪು ಮುರಿದು ಸಂಜೆ ಮುದ್ದೆ ತಿರುವುತ್ತಾಳೆ; ಆ ಆಟದಲ್ಲಿ ಮಾತ್ರ ಅದು ಮುಪ್ಪಂತೆ. ಮೊದಲೆಲ್ಲ ಅವರಿಬ್ಬರೂ ಟೂರ್ನಿಯ ಕೊನೆಯ ದಿನ, ದೊಡ್ಡ ಅಂಕಣದಲ್ಲಿ, ಸಾವಿರಾರು ಜನರ ನಡುವೆ ಎದುರಾಗುತ್ತಿದ್ದರು. ಈಗ ಮೊದಲ ಸುತ್ತಿನಲ್ಲೇ, ಯಾವುದೋ ಮೂಲೆಯ ಅಂಕಣದಲ್ಲಿ, ಅರ್ಧ ಖಾಲಿ ಕುರ್ಚಿಗಳ ಮುಂದೆ ಎದುರಾಗುತ್ತಾರೆ. ಆದರೂ ನೋಡುವ ನಮ್ಮ ಎದೆಬಡಿತ ಒಂದಿಷ್ಟೂ ಇಳಿದಿಲ್ಲ.

ನನಗೆ ಈ ಹುಚ್ಚು ಹತ್ತಿಸಿದವಳು ಮಗಳು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ನಮ್ಮ ಊರು. ನಾನು ಓದಿದ್ದು ನಾಲ್ಕನೇ ಕ್ಲಾಸು, ಮಾಡಿದ್ದು ಹೊಗೆಸೊಪ್ಪಿನ ಬೇಸಾಯ. ಮಳೆಗಾಲದಲ್ಲಿ ಸೊಪ್ಪು ಮುರಿದು, ಕೋಲಿಗೆ ಕಟ್ಟಿ, ಬ್ಯಾರನ್ ಎಂದು ನಾವು ಕರೆಯುವ ಎತ್ತರದ ಮನೆಯೊಳಗೆ ಏರಿಸಿ, ಹೊರಗಿನಿಂದ ಬೆಂಕಿ ಕೊಟ್ಟು ಬೇಯಿಸುತ್ತೇವೆ. ಒಮ್ಮೆ ಬೆಂಕಿ ಹಚ್ಚಿದರೆ ಸೊಪ್ಪು ಒಣಗಿ ಮುಗಿಯುವವರೆಗೆ ಯಾರಾದರೊಬ್ಬರು ಶಾಖ ನೋಡಿಕೊಂಡು ಅಲ್ಲೇ ಇರಬೇಕು. ಶಾಖವನ್ನು ಚೂರು ಚೂರೇ ಏರಿಸಬೇಕು. ಅವಸರಪಟ್ಟರೆ ಎಲೆ ಕಪ್ಪಾಯಿತು, ಮೈಮರೆತರೆ ಮಚ್ಚೆ ಬಿತ್ತು. ಮಗಳು ಹೈಸ್ಕೂಲಿನಲ್ಲಿದ್ದಾಗ ಸಂಜೆ ಹೊತ್ತು ನನ್ನ ಜೊತೆ ಬ್ಯಾರನ್ ಜಗಲಿಯಲ್ಲಿ ಕೂರುತ್ತಿದ್ದಳು. ಮನೆಯ ಹಳೆಯ ಪುಟ್ಟ ಟೀವಿಯನ್ನು ಅಲ್ಲಿಗೆ ಸಾಗಿಸಿ ವೈರು ಎಳೆದಿದ್ದೆವು. ನಾವು ಮೊದಲ ಬೆಂಕಿ ಹಚ್ಚುವ ಕಾಲಕ್ಕೇ ಸರಿಯಾಗಿ ಇಂಗ್ಲೆಂಡಿನಲ್ಲಿ ಹುಲ್ಲಿನ ಮೇಲೆ ಟೆನಿಸ್ ಆಡುತ್ತಿರುತ್ತಾರೆ. ನಾನು ಶಾಖದ ಮೀಟರು ನೋಡುವುದು, ಅವಳು ಆಟ ನೋಡುವುದು ಎಂದು ಶುರುವಾಯಿತು. ಆಮೇಲಾಮೇಲೆ ನಾನು ಆಟ ನೋಡಿ, ಮೀಟರು ನೋಡಲು ಅವಳನ್ನು ಎಬ್ಬಿಸತೊಡಗಿದೆ.

“ಅಪ್ಪಾಜಿ, ನೀವು ಯಾರ್ ಕಡೆ?”

“ಜಡೆ ಇರೋಳ್ ಕಡೆ ಕಣವ್ವ. ಥೇಟ್ ನಿನ್ ಜಡೆ ಇದ್ದಂಗೇ ಅದೆ.”

ಅಷ್ಟೇ ಕಾರಣ. ಬೇರೆ ಕಾರಣ ಬೇಕೇ?

ಮಗಳನ್ನು ಕೊಟ್ಟಿದ್ದು ಕೆ.ಆರ್. ನಗರದ ಕಡೆಗೆ, ಕಾಲುವೆ ನೀರಿನ ಊರಿಗೆ. ಬೀಗರು ಭತ್ತ ಬೆಳೆಯುವವರು, ನನ್ನದೇ ವಯಸ್ಸು. ಮದುವೆ ಮಾತಿಗೆ ಅವರ ಮನೆಗೆ ಹೋದ ದಿನ ನಡುಮನೆಯ ಟೀವಿಯಲ್ಲಿ ಟೆನಿಸ್ ಓಡುತ್ತಿತ್ತು. ನನಗೆ ದೇವರೇ ಕಂಡ ಹಾಗಾಯಿತು. ಆದರೆ ಬೀಗರು ಟೋಪಿಯವಳ ಕಡೆ! ಅಪ್ಪನೂ ಮಗನೂ ಇಬ್ಬರೂ. ಅವತ್ತಿನಿಂದ ನಮ್ಮಿಬ್ಬರಲ್ಲಿ ಒಬ್ಬಳು “ನಮ್ಮೋಳು”, ಇನ್ನೊಬ್ಬಳು “ನಿಮ್ಮೋಳು”. ಪ್ರತಿ ಟೂರ್ನಿಗೂ ಫೋನಿನಲ್ಲಿ ಜಗಳ.

“ಏನ್ ಬೀಗ್ರೆ, ನಿಮ್ಮೋಳು ಇವತ್ತು ಕುಂಟ್ತಿದ್ಲಲ್ಲ, ಹೊಗೆಸೊಪ್ಪಿನ್ ಕೋಲು ಕಾಲ್ ಮ್ಯಾಲೆ ಬಿತ್ತಾ?” ಎನ್ನುವರು ಬೀಗರು.

“ನಿಮ್ಮೋಳ್ ಕತೆ ನೋಡ್ಕಳಿ ಬೀಗ್ರೆ. ಗದ್ದೆ ಕೆಸರಲ್ಲಿ ಹೂತ್ಕಂಡ ಎಮ್ಮೆ ಓಡ್ದಂಗೆ ಓಡ್ತಾಳೆ.”

ನನ್ನ ಹೆಂಡತಿಗೆ ಇದು ಆಗಿಬರುತ್ತಿರಲಿಲ್ಲ. “ಬೀಗ್ರು ಬೀಗ್ರು ಬಯ್ದಾಡದು ನೋಡ್ದೋರು ನಮ್ ಮಗ್ಳು ಅಲ್ಲಿ ಬಾಳ್ತಾಳೆ ಅಂತಾರಾ?” ಎಂದು ಗೊಣಗುತ್ತಿದ್ದಳು. ಆದರೆ ಆ ಬೈಗುಳದಲ್ಲಿ ನಮಗೆ ಇದ್ದ ಸುಖ ಅವಳಿಗೆ ಹೇಗೆ ತಿಳಿಯಬೇಕು.

ಹೀಗಿರುವಾಗ ಒಂದು ವರ್ಷ ಆ ದಿನ ಬಂತು. ಮಗಳಿಗೆ ಐದು ತಿಂಗಳಾಗಿತ್ತು, ಚೊಚ್ಚಲು. ಅವತ್ತು ಅಮೆರಿಕದ ಟೂರ್ನಿಯಲ್ಲಿ ಟೋಪಿಯವಳು ಜಡೆಯವಳನ್ನು ಸೋಲಿಸಿದ್ದಳು. ಆಟ ಮುಗಿದು ಸ್ವಲ್ಪ ಹೊತ್ತಿಗೆ ಬೀಗರ ಫೋನು. ಹಂಗಿಸಲು ಮಾಡಿದ್ದಾರೆ ಎಂದುಕೊಂಡು ನಾನೇ ಮೊದಲು ಬಾಯಿ ಹಾಕಿದೆ.

“ಏನ್ ಬೀಗ್ರೆ, ಗೆದ್ಬುಟ್ವಿ ಅಂತ ಕುಣೀತಾ ಇದ್ದೀರಾ?”

ಆ ಕಡೆಯಿಂದ ಮೂಗು ಎಳೆದ ಸದ್ದು.

“ಬೀಗ್ರೆ… ಕೂಸು ಉಳೀಲಿಲ್ಲ ಕಣ್ರೀ.”

ಮುಂದಿನದನ್ನು ಬರೆಯಲಾರೆ. ಮಗಳು ಉಳಿದಳು, ಅಷ್ಟು ಸಾಕು. ಆದರೆ ಅವತ್ತಿನಿಂದ ಆ ಸೋಲೂ ಈ ಸುದ್ದಿಯೂ ನನ್ನ ತಲೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡುಬಿಟ್ಟವು. ಬೀಗರ ಫೋನು ಬಂದರೆ ಎತ್ತಲು ಹೆಂಡತಿಯ ಕೈಗೆ ಕೊಡತೊಡಗಿದೆ. ಬೀಗರೂ ಹಂಗಿಸುವುದನ್ನು ಬಿಟ್ಟರು.

ಮಾರನೆಯ ವರ್ಷ ಜನವರಿ, ಆಸ್ಟ್ರೇಲಿಯಾದ ಆಟಗಳು ನಮಗೆ ಬೆಳಗಿನ ಹೊತ್ತು ಬರುತ್ತವೆ. ನಾನು ಕಾಫಿ ಲೋಟ ಹಿಡಿದು ಟೀವಿ ಮುಂದೆ ಕೂತಿದ್ದೆ. ಮಗಳ ಫೋನು ಬಂತು. ದನಿ ತಗ್ಗಿಸಿ, “ಅಪ್ಪಾಜಿ, ಮೂರು ತಿಂಗ್ಳು ತುಂಬ್ತು. ಅಮ್ಮಂಗೆ ಮಾತ್ರ ಹೇಳಿ” ಎಂದಳು. ನಾನು ಹ್ಞೂಂ ಎಂದೆನೋ ಇಲ್ಲವೋ ಗೊತ್ತಿಲ್ಲ. ಟೀವಿಯಲ್ಲಿ ಜಡೆಯವಳು ಯಾವಳೋ ಎಳೆಯ ಹುಡುಗಿಗೆ ಸೋಲುತ್ತಿದ್ದಳು. ಟೋಪಿಯವಳ ಎದುರು ಅಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅಲ್ಲಿಂದ ಮುಂದೆ ನಾನು ಆಟ ನೋಡಲಿಲ್ಲ, ಕಾವಲು ಕಾದೆ. ಯಾವ ಟೂರ್ನಿಯಲ್ಲಿ ಯಾರು ಯಾರಿಗೆ ಎದುರಾಗುತ್ತಾರೆ ಎಂಬ ಪಟ್ಟಿ ಬಂದ ಕೂಡಲೇ ಅಂಗಡಿ ಬೀದಿಯಲ್ಲಿ ಮೊಬೈಲು ಬಲ್ಲ ಯಾರನ್ನಾದರೂ ಹಿಡಿದು ಓದಿಸುತ್ತಿದ್ದೆ. ಆ ಎರಡು ಹೆಸರು ಹತ್ತಿರ ಹತ್ತಿರ ಇದ್ದರೆ ನಿಂತಲ್ಲೇ ಊರಮ್ಮನ ಗುಡಿಯ ಕಡೆ ಕೈ ಮುಗಿಯುತ್ತಿದ್ದೆ. ಬೇಡ ತಾಯಿ, ಈ ಕೂಸು ಬರುವವರೆಗೆ ಅವರಿಬ್ಬರನ್ನು ಎದುರು ಬದುರು ನಿಲ್ಲಿಸಬೇಡ.

ಏಳನೇ ತಿಂಗಳಿಗೆ ಬಳೆ ತೊಡಿಸಿ ಮಗಳನ್ನು ಮನೆಗೆ ಕರೆತಂದೆವು. ಮೇ ತಿಂಗಳ ಕೊನೆಗೆ ಪ್ಯಾರಿಸ್ಸಿನಲ್ಲಿ ಮಣ್ಣಿನ ಮೇಲಿನ ಆಟ. ಅದು ನನಗೆ ಬಹಳ ಇಷ್ಟ, ಯಾಕೆಂದರೆ ಆ ಮಣ್ಣು ನಮ್ಮ ಹೊಲದ್ದೇ, ಕೆಂಪಗೆ. ಚೆಂಡು ಗೆರೆಯ ಒಳಗೆ ಬಿತ್ತೋ ಆಚೆ ಬಿತ್ತೋ ಎಂದು ಜಗಳವಾದರೆ ಅಂಪೈರು ಕುರ್ಚಿಯಿಂದಿಳಿದು ಬಂದು ಮಣ್ಣಿನಲ್ಲಿ ಗುರುತು ಹುಡುಕುತ್ತಾನೆ. ಥೇಟ್ ನಾವು ಬೆಳಗಾಗೆದ್ದು ಬದುವಿನ ಮೇಲೆ ಹಂದಿಯ ಹೆಜ್ಜೆ ಹುಡುಕಿದ ಹಾಗೆ. ಮಗಳು ಗೋಡೆಗೆ ಒರಗಿ, ಕಾಲು ಚಾಚಿ ನೋಡುತ್ತಿದ್ದಳು. ಅವಳ ಕಾಲು ಊದಿತ್ತು. ಜಡೆಯವಳ ಮಂಡಿಗೂ ಪಟ್ಟಿ. ಎರಡನೇ ದಿನ ಜಡೆಯವಳು ಅರ್ಧ ಆಟದಲ್ಲಿ ಕೈ ಎತ್ತಿ ಹೊರಟುಹೋದಳು.

“ಪಾಪ, ಕಾಲು ನೋಯ್ತದೆ ಅಂತ ಕಾಣ್ತದೆ” ಎಂದಳು ಮಗಳು, ತನ್ನ ಕಾಲು ನೀವಿಕೊಳ್ಳುತ್ತಾ.

ಹುಣಸೂರಿನ ಡಾಕ್ಟರಮ್ಮ ಬಿ.ಪಿ. ಏರಿದೆ ಎಂದರು. ಉಪ್ಪು ಕಡಿಮೆ ಮಾಡಿ, ಮಲಗಿರಲಿ, ಮನಸ್ಸಿಗೆ ಗಾಬರಿಯಾಗುವುದು ಏನೂ ಬೇಡ ಎಂದರು. ನನ್ನ ಹೆಂಡತಿ ಮನೆಗೆ ಬಂದವಳೇ ಟೀವಿಯ ವೈರು ಕಿತ್ತು ಅಕ್ಕಿ ಡ್ರಮ್ಮಿನಲ್ಲಿ ಹಾಕಿಟ್ಟಳು.

“ಗಾಬ್ರಿ ಆಗದು ನಂಗಲ್ಲಮ್ಮ, ಅಪ್ಪಾಜಿಗೆ” ಎಂದಳು ಮಗಳು ನಗುತ್ತಾ.

“ಇಬ್ರಿಗೂ ಬ್ಯಾಡ. ಕೂಸು ಬರ್ಲಿ, ಆಮೇಲ್ ನೋಡ್ಕಳಿ ಯಾವ್ ಜಡೆನಾದ್ರೂ.”

ವಾರಕ್ಕೊಮ್ಮೆ ಬಿ.ಪಿ. ನೋಡಿಸುವಾಗ ನಾನು ಆ ಮೀಟರಿನ ಮೇಲೇ ಕಣ್ಣು ನೆಟ್ಟಿರುತ್ತಿದ್ದೆ. ಬ್ಯಾರನ್ ಶಾಖವಾದರೆ ಸೌದೆ ಎಳೆದು ಇಳಿಸಬಹುದು. ಇದನ್ನು ಇಳಿಸಲು ಯಾವ ಸೌದೆ ಎಳೆಯಲಿ?

ಒಂದು ಶುಕ್ರವಾರ ಯಾರಿಗೂ ಹೇಳದೆ ಊರಮ್ಮನ ಗುಡಿಗೆ ಹೋದೆ. ಒಂದು ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಮುಡಿಪು ಮಾಡಿದೆ. ಹರಕೆ ತೀರುವವರೆಗೆ ಅದನ್ನು ಬಿಚ್ಚುವ ಹಾಗಿಲ್ಲ. ತಾಯಿ ಮಗು ಇಬ್ಬರೂ ಚೆನ್ನಾಗಿರಲಿ ಎಂದಷ್ಟೇ ಕೇಳಲು ಹೋದವನು ನಾನು. ಆದರೆ ಹೆದರಿದವನ ಬಾಯಿ ಸುಮ್ಮನಿರುತ್ತದೆಯೇ? “ಅವರಿಬ್ಬರು ಎದುರಾಗಲೇಬೇಕು ಅಂತಿದ್ದರೆ ಈ ಸಲ ಜಡೆಯವಳನ್ನು ಗೆಲ್ಲಿಸು ತಾಯಿ, ನೀನು ನಮ್ಮ ಕಡೆ ಇದ್ದೀಯ ಅನ್ನುವುದಕ್ಕೆ ಅದೇ ಗುರುತು” ಎಂದುಬಿಟ್ಟೆ. ಗುಡಿಯಿಂದ ಆಚೆ ಬಂದ ಮೇಲೆ, ಹೇಳಬಾರದ್ದನ್ನು ಹೇಳಿದೆನಲ್ಲ ಎನಿಸಿತು. ಅಷ್ಟು ಹೊತ್ತಿಗೆ ಗಂಟು ಬಿಗಿದಾಗಿತ್ತು.

ಇಂಗ್ಲೆಂಡಿನ ಹುಲ್ಲಿನ ಟೂರ್ನಿಯ ಪಟ್ಟಿ ಬಂತು. ಮಗಳು ಮಲಗಿದಲ್ಲೇ ಮೊಬೈಲು ನೋಡಿ ಕೂಗಿದಳು.

“ಅಪ್ಪಾಜಿ! ಮೊದಲ್ನೇ ಸುತ್ತಲ್ಲೇ ಜಡೆಯೋಳ್ಗೂ ಟೋಪಿಯೋಳ್ಗೂ ಬಿದ್ದದೆ!”

ನಾನು ಜಗಲಿಯಲ್ಲಿ ಕೂತು ಕೋಲಿಗೆ ಸೊಪ್ಪು ಕಟ್ಟುತ್ತಿದ್ದೆ. ದಾರ ಕೈಯಿಂದ ಜಾರಿತು.

ಹೆರಿಗೆಗೆ ಇನ್ನೂ ದಿನವಿತ್ತು. ಆದರೆ ಸರಿಯಾಗಿ ಆ ಆಟದ ದಿನ ಬೆಳಿಗ್ಗೆ ಮಗಳು ಕಣ್ಣು ಮಂಜಾಗುತ್ತಿದೆ ಎಂದಳು. ಹಿಂದಿನ ದಿನವಷ್ಟೇ ಬ್ಯಾರನ್ನಿಗೆ ವರ್ಷದ ಮೊದಲ ಬೆಂಕಿ ಹಚ್ಚಿದ್ದೆವು. ತಮ್ಮನನ್ನು ಅಲ್ಲಿ ಕೂರಿಸಿ ಮಗಳನ್ನು ಕಾರಿನಲ್ಲಿ ಹುಣಸೂರಿನ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಮೀಟರು ನೋಡಿ, “ಇನ್ನು ಕಾಯೋದು ಬೇಡ, ಬಿ.ಪಿ. ಸ್ವಲ್ಪ ಇಳಿಸಿಕೊಂಡು ಸಂಜೆ ಆಪರೇಷನ್ ಮಾಡಿಬಿಡ್ತೀವಿ” ಎಂದರು. ಕೆ.ಆರ್. ನಗರದಿಂದ ಬೀಗರು, ಬೀಗಿತ್ತಿ, ಅಳಿಯ ಓಡಿಬಂದರು. ಬಾಗಿಲ ಬಳಿ ನಾನೂ ಬೀಗರೂ ಹೋಗಿಬಂದು ಮಾಡುವುದನ್ನು ನೋಡಲಾರದೆ ನನ್ನ ಹೆಂಡತಿ, “ಇಬ್ರೂ ಆಚೆ ಓಗಿ ಕೂತ್ಕಳಿ. ನಿಮ್ ಓಡಾಟ ನೋಡುದ್ರೆ ನಂಗೇ ಎರ್ಗೆ ನೋವು ಬತ್ತದೆ” ಎಂದು ಅಟ್ಟಿದಳು.

ಆಸ್ಪತ್ರೆಯ ಅಂಗಳದಲ್ಲಿ ಒಂದು ಹೊಂಗೆ ಮರ, ಅದರ ಕೆಳಗೆ ಸಿಮೆಂಟು ಬೆಂಚು. ಕೂತೆವು. ಬೀಗರು ಜೇಬಿನಿಂದ ಮೊಬೈಲು ತೆಗೆದು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಆಟ ಶುರುವಾಗಿತ್ತು.

ಅಂಗೈಯಗಲದ ಆ ಪರದೆಯಲ್ಲಿ ಅವರಿಬ್ಬರೂ ಇರುವೆಗಳಂತೆ ಕಾಣುತ್ತಿದ್ದರು. ಜಡೆಯವಳ ಮಂಡಿಗೆ ಅದೇ ಪಟ್ಟಿ. ಮೊದಲ ಸೆಟ್ಟು ಟೋಪಿಯವಳಿಗೆ ಹೋಯಿತು. ಎದ್ದು ಮರ ಸುತ್ತಿದೆ, ನಲ್ಲಿಯಲ್ಲಿ ಮುಖ ತೊಳೆದೆ, ಮನೆಯಿಂದ ಜೇಬಿನಲ್ಲಿಟ್ಟು ತಂದಿದ್ದ ಮುಡಿಪನ್ನು ಮುಟ್ಟಿ ನೋಡಿಕೊಂಡೆ. ಬೀಗರು ಹಂಗಿಸಬಹುದಿತ್ತು, ಹಂಗಿಸಲಿಲ್ಲ. ಎರಡನೇ ಸೆಟ್ಟಿನಲ್ಲಿ ಜಡೆಯವಳು ಎದ್ದಳು. ಆ ಮಂಡಿಯಲ್ಲೇ ಓಡಿದಳು, ಬಾಗಿದಳು, ಹೊಡೆದಳು. ಸೆಟ್ಟು ಅವಳದಾಯಿತು. ನನಗೆ ಉಸಿರು ಬಂತು. ಪಕ್ಕಕ್ಕೆ ತಿರುಗಿದರೆ ಬೀಗರು ಬೆವೆತು ತೊಪ್ಪೆಯಾಗಿದ್ದಾರೆ, ತುಟಿ ಬೆಳ್ಳಗಾಗಿದೆ.

“ಯಾಕ್ ಬೀಗ್ರೆ? ಒಂದ್ ಸೆಟ್ ಓದ್ರೆ ಇಂಗಾ?”

“ಅಂಗಲ್ಲ ಕಣ್ರೀ.”

“ಮತ್ತೆ?”

“ಏಳಿದ್ರೆ ನೀವು ಬಯ್ತೀರಿ.”

“ಬಯ್ಯಕ್ಕೆ ನಂಗೆಲ್ಲೈತೆ ತ್ರಾಣ, ಏಳಿ.”

ಬೀಗರು ಮೊಬೈಲನ್ನು ತೊಡೆಯ ಮೇಲೆ ಮಗುಚಿ ಹಾಕಿದರು.

“ಓದ್ ಸಲ ನಮ್ಮೋಳು ಗೆದ್ದ ದಿನವೇ ಅಂಗಾಯ್ತಲ್ಲ. ಅವತ್ತಿಂದ ಅವ್ಳು ಗೆದ್ರೆ ನಂಗೆ ಖುಸಿನೇ ಇಲ್ಲ ಬೀಗ್ರೆ. ಅದ್ಕೆ ನಮ್ಮೂರಮ್ಮನ್ನ ಕೇಳ್ದೆ. ಅವ್ವ, ಇವರಿಬ್ರೂ ಮತ್ತೆ ಎದುರಾದ್ರೆ ನಮ್ಮೋಳ್ನೇ ಗೆಲ್ಸು, ಅವತ್ತು ಕೆಟ್ಟದ್ದು ತಂದ ಗೆಲುವು ಈ ಸಲ ಒಳ್ಳೇದು ತರ್ಲಿ ಅಂತ. ಹೂ ಕೇಳ್ದೆ. ಬಲಗಡೆ ಹೂವೇ ಬಿತ್ತು ಕಣ್ರೀ. ತುಂಬು ಹೂವು.”

ಬಲಗಡೆಯ ಹೂವೆಂದರೆ ದೇವಿ ಆಗಲಿ ಎಂದ ಹಾಗೆ. ನಾನು ಜೇಬಿನಿಂದ ಹಳದಿ ಗಂಟನ್ನು ತೆಗೆದು ಬೆಂಚಿನ ಮೇಲಿಟ್ಟೆ. ಬೀಗರಿಗೆ ವಿವರಿಸಬೇಕಾಗಲಿಲ್ಲ. ಗಂಟು ನೋಡಿದರು, ನನ್ನ ಕಣ್ಣು ನೋಡಿದರು.

“ನೀವು ಜಡೆಯೋಳ್ ಮ್ಯಾಲಾ?”

“ಹ್ಞೂಂ.”

“ಅಯ್ಯೋ ಬೀಗ್ರೆ!”

ಇಬ್ಬರಲ್ಲಿ ಯಾರು ಗೆದ್ದರೂ ಒಂದು ಊರಿನ ಅಮ್ಮನ ಗುರುತು ಸುಳ್ಳಾಗಬೇಕು. ಒಳಗೆ ಇರುವುದು ಒಂದೇ ಕೂಸು.

“ನೀವು ಬದಲಾಯ್ಸಿ” ಎಂದರು ಬೀಗರು. “ನಮ್ಮಮ್ಮ ಆಗ್ಲೇ ಹೂ ಕೊಟ್ಟಾಗದೆ.”

“ನಿಮ್ಮಮ್ಮ ಕೊಟ್ರೆ ನಮ್ಮಮ್ಮ ಕೇಳ್ಬೇಕಾ? ನಮ್ ಗಂಟು ಕಟ್ಟಿ ಆಗದೆ.”

“ನಮ್ದು ಕೆರೆ ಏರಿ ಮ್ಯಾಲಿನ್ ದೇವ್ರು ಕಣ್ರೀ, ಸತ್ಯ ಜಾಸ್ತಿ.”

“ನಮ್ದೇನು ಸುಳ್ಳಿನ್ ದೇವ್ರಾ?”

ದನಿ ಏರಿತು. ಔಷಧಿ ತರಲು ಹೊರಟಿದ್ದವರು ನಿಂತು ನೋಡಿದರು. ಒಳಗೆ ಮಗಳನ್ನು ಮಲಗಿಸಿ ಕೊಯ್ಯುತ್ತಿದ್ದಾರೆ, ಹೊರಗೆ ನಾವಿಬ್ಬರು ಮುದುಕರು ದೇವರುಗಳನ್ನು ಅಂಕಣಕ್ಕಿಳಿಸಿ ಆಡಿಸುತ್ತಿದ್ದೇವೆ. ಬೀಗರು ಇದ್ದಕ್ಕಿದ್ದಂತೆ ತಲೆಯ ಮೇಲೆ ಕೈ ಹೊತ್ತು ಕೂತರು.

“ಬೀಗ್ರೆ, ಊರಮ್ಮಂದಿರು ಎಲ್ರೂ ಅಕ್ಕ ತಂಗೀರು ಅಂತಾರೆ. ನಾವು ಅಕ್ಕ ತಂಗೀರ್ ಮಧ್ಯೆನೇ ಜಗಳ ತಂದಿಟ್ವಲ್ರೀ. ನಿಮ್ ಗಂಟು ಬಿಚ್ಚಿ.”

“ಅರ್ಕೆ ತೀರ್ದೆ ಬಿಚ್ಚಂಗಿಲ್ಲ.”

“ಬಿಚ್ಚಿ ಅಂತೀನಿ. ಪಾಪ ಬಂದ್ರೆ ಇಬ್ರಿಗೂ ಬರ್ಲಿ.”

ಬಿಗಿದ ಗಂಟು ಸುಲಭಕ್ಕೆ ಬಿಡಲಿಲ್ಲ. ಕೊನೆಗೆ ಬೀಗರು ಹಲ್ಲಿನಿಂದ ಕಚ್ಚಿ ಬಿಡಿಸಿದರು. ಅವರ ತುಟಿಗೆಲ್ಲ ಅರಿಶಿನವಾಯಿತು. ನನ್ನ ರೂಪಾಯಿಯ ಪಕ್ಕದಲ್ಲಿ ತಮ್ಮದೊಂದನ್ನು ಇಟ್ಟರು. ನಾನು ನಮ್ಮೂರಿನ ದಿಕ್ಕಿಗೆ ಮುಖ ಮಾಡಿದೆ, ಅವರು ತಮ್ಮೂರಿನ ದಿಕ್ಕಿಗೆ. ಹಾಗೆ ಬೆನ್ನಿಗೆ ಬೆನ್ನು ತಿರುಗಿಸಿದರೆ ಬಟ್ಟೆಯ ತುದಿ ಎಟಕಲಿಲ್ಲ. ಅಡ್ಡಡ್ಡ ನಿಂತುಕೊಂಡು, ಒಂದು ತುದಿ ನಾನು, ಒಂದು ತುದಿ ಅವರು ಹಿಡಿದು ಎಳೆದು ಮತ್ತೆ ಗಂಟು ಬಿಗಿದೆವು.

“ಅವ್ವದೀರ, ತಪ್ಪಾಯ್ತು” ಎಂದರು ಬೀಗರು. “ಅಲ್ಲಿ ಯಾರಾದ್ರೂ ಗೆಲ್ಲಲಿ, ಯಾರಾದ್ರೂ ಸೋಲ್ಲಿ. ಆ ಆಟಕ್ಕೂ ಈ ಕೂಸ್ಗೂ ನಂಟು ಬ್ಯಾಡ. ನಾವ್ ಕಟ್ಟಿದ್ದ ನಂಟು ನಾವೇ ಬಿಚ್ಚಿದ್ದೀವಿ. ತಾಯಿ ಕೂಸು ಇಬ್ರನ್ನೂ ಕೊಟ್ಬುಡಿ, ಸಾಕು.”

“ಸಾಕು” ಎಂದೆ ನಾನೂ.

ಮೊಬೈಲು ಅವರ ಜೇಬು ಸೇರಿತು. ಮೂರನೇ ಸೆಟ್ಟು ಅದರೊಳಗೇ ನಡೆಯುತ್ತಿತ್ತು, ತೆಗೆಯುವ ಧೈರ್ಯ ಇಬ್ಬರಿಗೂ ಇಲ್ಲ. ಮೊಬೈಲಿನಲ್ಲಿ ಜನ ಚಪ್ಪಾಳೆ ಹೊಡೆಯುವ ಸದ್ದು ಜೇಬಿನೊಳಗಿಂದ ಸಣ್ಣಗೆ ಕೇಳಿಸುತ್ತಿತ್ತು. ಯಾರಿಗೆ ಹೊಡೆಯುತ್ತಿದ್ದಾರೋ. ಪ್ರತಿ ಚಪ್ಪಾಳೆಗೂ ನಾನು ಆಸ್ಪತ್ರೆಯ ಬಾಗಿಲ ಕಡೆ ತಿರುಗುತ್ತಿದ್ದೆ. ನಂಟು ಬಿಚ್ಚಿದ್ದೇವೆ ಎಂದು ಬಾಯಿ ಹೇಳಿದರೆ ಎದೆ ಅಷ್ಟು ಬೇಗ ಕೇಳುತ್ತದೆಯೇ?

ಆಮೇಲೆ ನರ್ಸಮ್ಮ ಬಾಗಿಲಲ್ಲಿ ನಿಂತು ಮಗಳ ಹೆಸರು ಕೂಗಿ, “ಇವರ ಕಡೆಯವರು ಯಾರ್ರೀ?” ಎಂದರು. ನಾವಿಬ್ಬರೂ ಒಟ್ಟಿಗೇ ಓಡಿದೆವು. ಬೀಗರ ಒಂದು ಚಪ್ಪಲಿ ಬೆಂಚಿನ ಬಳಿಯೇ ಉಳಿಯಿತು.

ಹೆಣ್ಣು ಕೂಸು! ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದರು. ಮುಖ ಕೆಂಪಗೆ, ಪ್ಯಾರಿಸ್ಸಿನ ಮಣ್ಣಿನಷ್ಟು ಕೆಂಪಗೆ. ಮುಷ್ಟಿ ಬಿಗಿಹಿಡಿದಿತ್ತು. ನಾನು ಬೆರಳು ಕೊಟ್ಟೆ, ಹಿಡಿದುಕೊಂಡಿತು. ಅಯ್ಯೋ, ಅದು ಹಿಡಿದುಕೊಂಡ ರೀತಿ! ನನಗೆ ಅರವತ್ತು ದಾಟಿದೆ, ನನ್ನನ್ನು ಯಾರೂ ಹಾಗೆ ಹಿಡಿದುಕೊಂಡಿರಲಿಲ್ಲ. ಬೀಗಿತ್ತಿ ಅತ್ತರು, ಅಳಿಯ ಗೋಡೆಗೆ ತಲೆಯಿಟ್ಟು ಅತ್ತ. ಬೀಗರು ಕೂಸಿನ ಮುಂದೆ ಅರಿಶಿನದ ತುಟಿಯಲ್ಲೇ ನಕ್ಕರು. ನನ್ನ ಹೆಂಡತಿ, “ಇದೇನ್ರೀ ಬೀಗ್ರೆ, ಯಾರ್ ಮನೆ ಅರಿಶ್ಣ ತಿಂದ್ರಿ?” ಎಂದಳು. ಬೀಗರು ಹೆಗಲ ಮೇಲಿನ ಟವಲ್ಲಿನಿಂದ ತುಟಿ ಒರೆಸಿಕೊಂಡರು.

ಆದರೆ ಮಗಳನ್ನು ಇನ್ನೂ ತೋರಿಸಿರಲಿಲ್ಲ. ಬಿ.ಪಿ. ಇಳಿಯಬೇಕು ಎಂದರು. ಕೂಸು ಕೈಗೆ ಬಂದರೂ ಎದೆಯ ಭಾರ ಅರ್ಧ ಮಾತ್ರ ಇಳಿದಿತ್ತು. ರಾತ್ರಿಯಾದ ಮೇಲೆ ಡಾಕ್ಟರಮ್ಮ ಬಂದು, “ಹೋಗಿ ನೋಡಿ, ಮಾತಾಡಿಸಬೇಡಿ” ಎಂದರು. ನಾನೂ ಬೀಗರೂ ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಹೋದೆವು. ಮಗಳು ಕಣ್ಣು ತೆರೆದಳು. ತುಟಿ ಒಣಗಿತ್ತು. ಏನೋ ಕೇಳುತ್ತಿದ್ದಾಳೆ ಎಂದು ಬಗ್ಗಿದೆ.

“ಅಪ್ಪಾಜಿ… ಯಾರ್ ಗೆದ್ರು?”

ನಾನು ಬೀಗರ ಮುಖ ನೋಡಿದೆ. ಬೀಗರು ನನ್ನ ಮುಖ ನೋಡಿದರು. ಇಬ್ಬರಿಗೂ ಗೊತ್ತಿಲ್ಲ! ನಮ್ಮ ಹಿಂದೆಯೇ ಬಂದು ನಿಂತಿದ್ದ ಅಳಿಯನೇ ಹೇಳಿದ, “ಮಾವ, ಟೋಪಿಯೋಳು ಗೆದ್ಲು. ಮೂರ್ನೇ ಸೆಟ್ಟು ಸಮ ಸಮ ಆಗಿ ಟೈಬ್ರೇಕಲ್ಲಿ.”

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಎಲ್ಲಿ ಬೇಜಾರಾಗುತ್ತೇನೋ ಎಂದು. ನನಗೆ ನಗು ಬಂತು. ನಕ್ಕೆ, ಕಣ್ಣಲ್ಲಿ ನೀರು ಬಂತು, ಮತ್ತೆ ನಕ್ಕೆ. “ಸೋಲ್ಲಿ ಬುಡವ್ವ” ಎಂದೆ. ನರ್ಸಮ್ಮ ಗದರಿಸಿ ನಮ್ಮನ್ನು ಆಚೆ ಕಳಿಸಿದರು. ಬಾಗಿಲಲ್ಲಿ ಬೀಗರು, “ಏನ್ ಬೀಗ್ರೆ, ನಿಮ್ಮೋಳು…” ಎಂದು ಶುರುಮಾಡಿ ನನ್ನ ಹೆಗಲು ಹಿಡಿದುಕೊಂಡರು.

“ಅನ್ನಿ ಬೀಗ್ರೆ, ಅನ್ನಿ. ಇವತ್ತು ಎಷ್ಟ್ ಬೇಕಾದ್ರೂ ಅನ್ನಿ.”

ಮೊಮ್ಮಗಳಿಗೆ ಈಗ ಕೆಳಗಿನ ಎರಡು ಹಲ್ಲು ಬಂದಿವೆ. ಬಂದವರಿಗೆಲ್ಲ ತುಟಿ ಬಿಡಿಸಿ ತೋರಿಸುತ್ತಿದ್ದೇನೆ, ಹಾಲಿನವನನ್ನೂ ಬಿಟ್ಟಿಲ್ಲ. ಟೀವಿಯ ವೈರು ಅಕ್ಕಿ ಡ್ರಮ್ಮಿನಿಂದ ಆಚೆ ಬಂದಿದೆ. ಚೆಂಡು ಆ ಕಡೆ ಹೋದರೆ ಕೂಸಿನ ತಲೆ ಆ ಕಡೆ, ಈ ಕಡೆ ಬಂದರೆ ಈ ಕಡೆ. ಅದನ್ನು ನೋಡುತ್ತಾ ನನಗೆ ಆಟವೇ ಮರೆತುಹೋಗುತ್ತದೆ. ಮುಡಿಪು ಮಾತ್ರ ಇನ್ನೂ ದೇವರ ಗೂಡಿನಲ್ಲೇ ಇದೆ. ಎರಡು ಊರಿನ ಅಮ್ಮಂದಿರಲ್ಲಿ ಮೊದಲು ಯಾರ ಮುಂದೆ ಬಿಚ್ಚಬೇಕೆಂದು ನಾವಿನ್ನೂ ಒಪ್ಪಿಲ್ಲ. ಹೂ ಕೊಟ್ಟವಳು ಮೊದಲು ಎಂದು ಬೀಗರು, ಗಂಟು ಕಟ್ಟಿಸಿಕೊಂಡವಳು ಮೊದಲು ಎಂದು ನಾನು.

ಜನವರಿ ಬಂದಿದೆ. ಆಸ್ಟ್ರೇಲಿಯಾದ ಆಟ ಶುರುವಾಗಿದೆ. ಜಡೆಯವಳಿಗೆ ಇದೇ ಕೊನೆಯ ವರ್ಷವಂತೆ, ಮಂಡಿ ಕೇಳುತ್ತಿಲ್ಲವಂತೆ. ಅದೊಂದು ಸಂಕಟ ನನಗೆ. ಇವತ್ತು ಬೆಳಿಗ್ಗೆ ಅವಳು ಸೋತಳು. ಟೀವಿ ಆರಿಸುವ ಮೊದಲೇ ಬೀಗರ ಫೋನು ಹೊಡೆದುಕೊಂಡಿತು. ಈಗಲೂ ಆ ಸದ್ದಿಗೆ ಎದೆ ಧಸಕ್ ಎನ್ನುತ್ತದೆ. ಕೂಸನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡು, ಫೋನನ್ನು ಕಿವಿಗಿಟ್ಟು, ಉಸಿರು ಬಿಗಿಹಿಡಿದು ಕಾದೆ.

“ಏನ್ ಬೀಗ್ರೆ, ನಿಮ್ಮೋಳು ಚೆಂಡು ಹೊಡ್ದ್ಲಾ, ಹೊಗೆಸೊಪ್ಪು ಮುರುದ್ಲಾ?”

ಆಗ ಉಸಿರು ಬಿಟ್ಟೆ.